ಗದ್ದಕ್ಕೆ ಅಂಟಿಸಿದ ವಯರು ಹೇಳದೆ ಬಿಟ್ಟದ್ದು

ಡಾಕ್ಟರು ಕೇಳಿದ್ದು ಸಣ್ಣ ಪ್ರಶ್ನೆ. "ಅಮ್ಮ, ಇವರು ನಿಮಗೆ ಹೊಡೆಯಲಿಕ್ಕೆ ಶುರುಮಾಡಿ ಎಷ್ಟು ಸಮಯ ಆಯ್ತು?"

ನನ್ನ ಹೆಂಡತಿ ವಾರಿಜ ಸೆರಗು ಸರಿಮಾಡಿಕೊಂಡು ತಿರುಗಿ ಕೇಳಿದಳು. "ನಿದ್ದೆಯಲ್ಲಿಯಾ ಡಾಕ್ಟ್ರೇ, ಎಚ್ಚರ ಇರುವಾಗಲಾ?"

ದನಿಯಲ್ಲಿ ಚುಚ್ಚು ಇರಲಿಲ್ಲ. ಕೇಳಿದ್ದಕ್ಕೆ ಸರಿಯಾದ ಉತ್ತರ ಕೊಡಬೇಕಲ್ಲ ಎಂಬ ಕಾಳಜಿ ಮಾತ್ರ. (ರೇಷನ್ ಕಾರ್ಡಿನ ಆಫೀಸಿನಲ್ಲೂ ಅವಳು ಹೀಗೆಯೇ.) ಜೊತೆಗೆ ಬಂದಿದ್ದ ಮಗಳು ಸವಿತ ತಲೆ ತಗ್ಗಿಸಿದಳು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ.

ಡಾಕ್ಟರು ಪೆನ್ನು ಕೆಳಗಿಟ್ಟರು. "ಎಚ್ಚರದಲ್ಲಿಯೂ ಉಂಟಾ?"

"ಅದು ಹಳೆಯದು. ಈಗ ಇಲ್ಲ. ನಿದ್ದೆಯದ್ದಾದ್ರೆ ಎರಡು ವರ್ಷ."

ಈ ಅಂಕಣದಲ್ಲಿ ನಾನು ರಸ್ತೆಯ ಹೊಂಡ ಬರೆದಿದ್ದೇನೆ, ಬಸ್ಸಿನವರ ಜಗಳ ಬರೆದಿದ್ದೇನೆ, ಪಂಚಾಯತಿನವರ ತಪ್ಪುಗಳನ್ನು ಎಣಿಸಿ ಎಣಿಸಿ ಬರೆದಿದ್ದೇನೆ. ಈ ವಾರ ನನ್ನದು.

ನಾನು ಸಿದ್ಧಕಟ್ಟೆಯಲ್ಲಿ ಹೊಲಿಗೆ ಅಂಗಡಿ ಇಟ್ಟು ಜೀವನ ಮಾಡಿದವನು. ಎಸ್ಸೆಸ್ಸೆಲ್ಸಿಯವರೆಗೆ ಓದಿದವನು. ಊರಲ್ಲಿ ಒಳ್ಳೆಯ ಹೆಸರು ಉಂಟು. ಮನೆಯೊಳಗೆ?

ಮೂಡುಬಿದಿರೆಯಲ್ಲಿರುವ ಸವಿತ ಮೊನ್ನೆ ಎರಡು ದಿನ ನಿಲ್ಲಲಿಕ್ಕೆಂದು ಬಂದಿದ್ದಳು. ಅಮ್ಮನ ಕಣ್ಣಿನ ಕೆಳಗೆ ನೀಲಿ ಕಲೆ ಕಂಡಿತು.

"ಎಂತ ಅಮ್ಮ ಇದು?"

"ಬಾತ್‌ರೂಮಿನ ಬಾಗಿಲು ತಾಗಿತು."

ಸವಿತ ನನ್ನ ಕಡೆ ತಿರುಗಿದಳು. "ಅಪ್ಪ, ನಮ್ಮ ಮನೆಯ ಬಾಗಿಲಿಗೆ ಇನ್ನೂ ಪ್ರಾಯ ಆಗ್ಲಿಲ್ವಾ?" (ಅವಳು ಸಣ್ಣವಳಿರುವಾಗಲೂ ಅಮ್ಮನಿಗೆ ಇದೇ ಬಾಗಿಲು ತಾಗುತ್ತಿತ್ತು.)

ನಾನು ದಂಗಾದೆ. ನಾನು ಕೈ ಎತ್ತದೆ ಎಷ್ಟೋ ವರ್ಷ ಆಗಿತ್ತು. ದೇವರ ಮೇಲೆ ಆಣೆ ಹಾಕಿದರೂ ಮಗಳು ನಂಬಲಿಲ್ಲ. ನಮ್ಮ ಕೋಣೆಯಲ್ಲೇ ಚಾಪೆ ಹಾಕಿ ಮಲಗಿದಳು. ಬೆಳಗಿನ ಜಾವ ನಾನು ಕನಸಿನಲ್ಲಿ ಅಂಗಡಿಗೆ ನುಗ್ಗಿದ ನಾಯಿಯನ್ನು ಓಡಿಸುತ್ತಿದ್ದೆ. ಕೂಗಿದೆನಂತೆ, ಒದ್ದೆನಂತೆ, ಮುಷ್ಟಿ ಬೀಸಿದೆನಂತೆ. ಆ ಮುಷ್ಟಿ ಬಿದ್ದದ್ದು ವಾರಿಜಳ ಭುಜಕ್ಕೆ.

"ನನ್ನನ್ನು ಎಬ್ಬಿಸಿ ಹೇಳಬಾರದಿತ್ತಾ?" ಎಂದು ಅವಳನ್ನೇ ಜೋರು ಮಾಡಿದೆ. (ಅಭ್ಯಾಸಬಲ.)

ಅವಳು ತುಳುವಿನಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತೇನೆ. "ಪುನಃ ಶುರು ಆಯ್ತು ಅಂತ ಗ್ರಹಿಸಿದೆ."

ಎರಡು ವರ್ಷ! ನನಗೆ ಮತ್ತೆ ಹಳೆಯ ಬುದ್ಧಿ ಬಂತು ಎಂದು ತಿಳಿದು ಅವಳು ಸುಮ್ಮನೆ ಮಂಚದ ತುದಿಗೆ ಸರಿದು ಮಲಗಿದ್ದಳು.

ಹಾಗೆ ಬಂಟ್ವಾಳ ದಾಟಿ ಮಂಗಳೂರಿನ ಆ ಡಾಕ್ಟರಲ್ಲಿಗೆ ಹೋದದ್ದು. ಒಂದು ರಾತ್ರಿ ಆಸ್ಪತ್ರೆಯಲ್ಲಿ ಮಲಗಿ ನಿದ್ದೆ ಪರೀಕ್ಷೆ ಮಾಡಿಸಬೇಕೆಂದರು. ತಲೆಗೆ ವಯರು ಅಂಟಿಸುತ್ತಾರೆಂದು ಗೊತ್ತಿತ್ತು. ಗದ್ದಕ್ಕೂ ಕೈಗೂ ಮೀನಖಂಡಕ್ಕೂ ಯಾಕೆ? ಟೆಕ್ನಿಷಿಯನ್ ಮೇಡಂ, "ಹಲ್ಲು ಕಚ್ಚಿ ನೋಡುವ. ಪಾದ ಅಲ್ಲಾಡಿಸಿ ನೋಡುವ" ಎಂದರು. ನಾನು ಹಲ್ಲು ಕಚ್ಚಿದಂತೆಲ್ಲ ಪರದೆಯ ಮೇಲಿನ ಗೆರೆ ದಪ್ಪವಾಗಿ ಕುಣಿಯಿತು. ಒಬ್ಬನ ಹಲ್ಲು ಕಚ್ಚುವ ಸಿಟ್ಟು ಇಷ್ಟು ಚೆನ್ನಾಗಿ ಕಾಣುತ್ತದೆಂದು ನನಗೆ ಗೊತ್ತಿರಲಿಲ್ಲ.

ರಿಪೋರ್ಟ್ ಬಂದ ಮೇಲೆ ಡಾಕ್ಟರು ವಿವರಿಸಿದರು. ಕನಸು ಬೀಳುವ ಹೊತ್ತಿಗೆ ಮೆದುಳು ಕೈಕಾಲಿನ ಸ್ನಾಯುಗಳನ್ನು ಆಫ್ ಮಾಡಿಡುತ್ತದಂತೆ. ಆಗ ಗದ್ದದ ಗೆರೆ ಚಪ್ಪಟೆ ಮಲಗಬೇಕು. ನನ್ನದು ಮಲಗಲಿಲ್ಲ. ಹಾಗಾಗಿ ಕನಸಿನಲ್ಲಿ ಮಾಡಿದ್ದನ್ನು ಕೈ ನಿಜವಾಗಿಯೂ ಮಾಡಿಬಿಡುತ್ತದೆ. ಗುಳಿಗೆ ಉಂಟು, ಹಾಸಿಗೆ ಬೇರೆ ಮಾಡಿ, ಮುಂದೆ ನರದ ಕಾಯಿಲೆ ಬಂದರೂ ಬರಬಹುದು, ವರ್ಷಕ್ಕೊಮ್ಮೆ ತೋರಿಸಿ ಎಂದರು. ಕೊನೆಗೆ, "ಈ ನಿದ್ದೆಯ ಪೆಟ್ಟಿನಲ್ಲಿ ನಿಮ್ಮ ತಪ್ಪಿಲ್ಲ" ಎಂದರು.

ನಾನು ಕೊನೆಯ ಮೂರು ಶಬ್ದಗಳನ್ನು ಮಾತ್ರ ಮನೆಗೆ ತಂದೆ.

ಬಂದವರಿಗೆಲ್ಲ ಫೈಲು ತೋರಿಸಿದೆ. ಮುಂಡಾಜೆಯಿಂದ ವಾರಿಜಳ ಅಣ್ಣ ಬಂದ. ತಂಗಿಯ ಮೈಮೇಲಿನ ಬಾಸುಂಡೆಗಳನ್ನು ಒಂದು ಕಾಲದಲ್ಲಿ ನೋಡಿದ್ದವನು. ನೋಡಿಯೂ, ಹೆಣ್ಣು ಕೊಟ್ಟವನೆಂದು ಸುಮ್ಮನಿದ್ದವನು. ಕನ್ನಡಕ ಹಾಕಿಕೊಂಡು ಗೆರೆಗಳನ್ನು ನೋಡಿದ.

"ಸ್ನಾಯುವಿನದ್ದಾ ಮಾರಾಯ್ರೆ! ನಾವು ಇಷ್ಟು ವರ್ಷ ಸುಮ್ಮನೆ ಎಂತೆಂತದ್ದೋ ಗ್ರಹಿಸಿದ್ದು ಬಾವ."

ಅಲ್ಲ ಬಾವ, ಇದು ಎರಡು ವರ್ಷದ್ದು, ನೀನು ಗ್ರಹಿಸಿದ್ದು ಸರಿಯೇ ಎನ್ನಬೇಕಿತ್ತು. ಎಷ್ಟು ಸಣ್ಣ ಮಾತು! ನಾನು ಏನೆಂದೆ ಗೊತ್ತೇ? "ಹೌದು ಬಾವ. ಸ್ನಾಯುವಿನದ್ದು."

ವಾರಿಜ ಚಾ ತಂದವಳು ಅಲ್ಲೇ ನಿಂತಿದ್ದಳು. ಲೋಟ ಇಟ್ಟು ಒಳಗೆ ಹೋದಳು. ಪ್ರಾಮಾಣಿಕವಾದ ಒಂದು ಕಾಗದವನ್ನು ನಾನು ಸುಳ್ಳಿಗೆ ಬಳಸಿದ್ದೆ, ಅದೂ ಅವಳ ಕಣ್ಣೆದುರೇ.

ಎರಡು ದಿನ ಅನ್ನ ರುಚಿಸಲಿಲ್ಲ. ಮೂರನೆಯ ದಿನ ಅಡುಗೆಮನೆಗೆ ಹೋದೆ. ಅವಳು ಹರಿವೆ ಸೊಪ್ಪು ಹೆಚ್ಚುತ್ತಿದ್ದಳು.

"ವಾರಿಜ, ಆವತ್ತು ಹೊಡೆದದ್ದಕ್ಕೆ ತಪ್ಪಾಯ್ತು."

ತಲೆ ಎತ್ತಲಿಲ್ಲ. "ಯಾವತ್ತು?"

ನಾನು ಹೇಳಿದೆ. ಇಸ್ತ್ರಿ ಮಾಡುವಾಗ ಗಿರಾಕಿಯ ಅಂಗಿ ಸುಟ್ಟ ದಿನ. ಕೇಳದೆ ತಾಯಿ ಮನೆಗೆ ಹೋಗಿ ಬಂದ ದಿನ.

"ಮತ್ತೆ?"

"ಅಷ್ಟೇ ಅಲ್ವಾ?"

ಕತ್ತಿ ನಿಂತಿತು. "ಸವಿತ ಹೊಟ್ಟೆಯಲ್ಲಿ ಇರುವಾಗ? ಬಾವಿಯಿಂದ ನೀರು ತರಲಿಕ್ಕೆ ತಡ ಆಯ್ತು ಅಂತ? ನಾನು ಬಿದ್ದು ಕೊಡಪಾನ ಜಜ್ಜಿ ಹೋದದ್ದು? ಅದರಲ್ಲೇ ಅಲ್ವಾ ಈಗಲೂ ನಿಮಗೆ ಮೀಯಲಿಕ್ಕೆ ನೀರು ತುಂಬಿಸಿಡುವುದು!"

ಆ ಜಜ್ಜಿದ ಗುರುತನ್ನು ನಾನು ದಿನಾ ನೋಡುತ್ತೇನೆ. ಹೇಗಾಯಿತೆಂದು ಒಮ್ಮೆಯೂ ಕೇಳಿದವನಲ್ಲ.

ಎಷ್ಟು ತಿಣುಕಿದರೂ ಆ ದಿನ ನೆನಪಾಗುತ್ತಿಲ್ಲ. ಅವಳಿಗೆ ಆವತ್ತು ಉಟ್ಟ ಸೀರೆಯೂ ನೆನಪುಂಟು. ಇಲ್ಲ ಎಂದು ವಾದಿಸಲೇ? ಆ ಧೈರ್ಯವಿಲ್ಲ. ಹೌದು ಎನ್ನಲೇ? ಹೌದು ಎನ್ನಲು ನನ್ನ ಬಳಿ ಏನೂ ಉಳಿದಿಲ್ಲ.

ಹೊಡೆದದ್ದೇ ನೆನಪಿಲ್ಲದ ಪೆಟ್ಟಿಗೆ ನಾನು ಯಾವ ಬಾಯಿಯಿಂದ ಕ್ಷಮೆ ಕೇಳಲಿ?