ಫ್ಯಾಕ್ಸಿನ ನೆತ್ತಿಯ ಮೇಲಿನ ಹೆಸರು

ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ ಶಂಕ್ರಪ್ಪನ ಅಂಗಡಿಯಲ್ಲಿ ಅಂಜಿನಪ್ಪ ಹನ್ನೊಂದು ವರ್ಷ ಗುಮಾಸ್ತನಾಗಿದ್ದ. ತೊಂಬತ್ನಾಲ್ಕರಲ್ಲಿ ಫ್ಯಾಕ್ಸ್ ಮಷೀನು ಬಂದಾಗ ಪುಸ್ತಕ ಓದಿ, ಗುಂಡಿ ಒತ್ತಿ, ಅಂಗಡಿಯ ನಂಬರು, ಹೆಸರು ಅದರೊಳಗೆ ಕೂರಿಸಿದವನೂ ಅವನೇ. ಆ ಹೆಸರು ಅಚ್ಚಾಗುವುದು ಕಾಗದ ತಲುಪಿದ ಕಡೆ ಮಾತ್ರ. ಕಳಿಸಿದವನ ಕಣ್ಣಿಗೆ ಬೀಳುವುದಿಲ್ಲ.

ಬ್ಯಾಡಗಿ ಕಾಯಿಯ ಚೀಲಕ್ಕೆ ಅಗ್ಗದ ಗುಂಟೂರು ಕಾಯಿ ಬೆರೆಸುತ್ತಿದ್ದವನು ಶಂಕ್ರಪ್ಪ. ಮುಂಬೈಯ ಗಿರಾಕಿ ಬಂದು ಕೂಗಾಡಿದಾಗ, ಹಮಾಲರೆದುರು ಅಂಜಿನಪ್ಪನತ್ತ ಬೆರಳು ತೋರಿಸಿ, "ಈ ಕಳ್ಳ ಬಾಡ್ಯಾನ ಕೆಲಸ ಇದು!" ಎಂದುಬಿಟ್ಟ.

ಅಂಜಿನಪ್ಪ ಮಷೀನಿನ ಮುಂದೆ ಕೂತು ಅದರೊಳಗಿನ ಅಂಗಡಿಯ ಹೆಸರು ಬದಲಿಸಿದ. ತಿಂಗಳ ಮೇಲೆ ಅದೇ ಗಿರಾಕಿ ಫೋನಿನಲ್ಲಿ ನಕ್ಕ: ನಿಮ್ಮ ಫ್ಯಾಕ್ಸೆಲ್ಲ 'ಗುಂಟೂರು ಶಂಕ್ರಪ್ಪ' ಎಂದೇ ಬರುತ್ತಿವೆಯಲ್ಲ!

"ಏನ್ಲೇ ಇದು?" ಶಂಕ್ರಪ್ಪ ಕಿರುಚಿದ.

"ಮಷೀನಿಗೆ ಕಲಬೆರಕಿ ಮಾಡಾಕ ಬರಂಗಿಲ್ರಿ, ಸಾವ್ಕಾರ್ರ," ಎಂದು ಅಂಜಿನಪ್ಪ ಚಪ್ಪಲಿ ಮೆಟ್ಟಿ ನಡೆದ.