ಬೂಟು ಹಾಕಿದ ಅಕ್ಷರ

ಪೇಂಟರ್ ನನ್ನೇಸಾಬ ತೀರಿಕೊಂಡ ಮೂರನೇ ದಿನ ಚಳ್ಳಕೆರೆ ಬಸ್‌ಸ್ಟ್ಯಾಂಡಿನಲ್ಲಿ ಶ್ರದ್ಧಾಂಜಲಿಯ ಫ್ಲೆಕ್ಸೊಂದು ಎದ್ದಿತು. ಮೊಳಕಾಲ್ಮೂರು ಬಸ್ಸಿನ ಡ್ರೈವರ್ ಚಿಕ್ಕೀರಪ್ಪ ಸೀಟಿನಲ್ಲಿ ಕೂತೇ ಅದನ್ನು ಹಾಕಿಸಿದವನ ಹೆಸರು ಓದಿದ: ಕಂಟ್ರಾಕ್ಟರ್ ಮುರುಗೇಂದ್ರಪ್ಪ. ಸತ್ತವನ ಹೆಸರು ಓದಲು ಕೆಳಗಿಳಿದು ಹತ್ತಿರ ಹೋಗಬೇಕಾಯಿತು. ಅದು ಕೂದಲೆಳೆಯಂತೆ ಬಳುಕುತ್ತಿತ್ತು. ಮುರುಗೇಂದ್ರಪ್ಪನ ಹೆಸರೋ, ಸತ್ತವನ ಕೈಯಿಂದಲೇ ಕದ್ದ ಅಕ್ಷರದಲ್ಲಿತ್ತು. ಚಿಕ್ಕೀರಪ್ಪನ ಮೈ ಉರಿದುಹೋಯಿತು.

ಆ ಅಕ್ಷರ ಊರಿಗೆಲ್ಲ ಗೊತ್ತಿತ್ತು. ದಪ್ಪ ಮೈ, ಪ್ರತಿ ತುದಿಗೂ ಇಟ್ಟಿಗೆಯಂಥ ಚೌಕ ಪಾದ. ಹಳೇ ಪ್ರೆಸ್ಸೊಂದರ ಮರದ ಇಂಗ್ಲಿಷ್ ಅಚ್ಚು ನೋಡಿ, ಆ ಪಾದಗಳನ್ನು ನನ್ನೇಸಾಬ ಕನ್ನಡಕ್ಕೆ ತೊಡಿಸಿದ್ದ. ಲಾರಿಯವರು ಅದನ್ನು ಬೂಟಿನ ಅಕ್ಷರ ಅನ್ನುತ್ತಿದ್ದರು. ಬಸ್ಸಿನ ಬೋರ್ಡು, ಬೀಜದಂಗಡಿ, ಗ್ಯಾರೇಜು, ಎಲ್ಲದಕ್ಕೂ ಅದೇ. ಮದುವೆ ಮಂಟಪಕ್ಕೆ ಕೇಳಿದರೆ ಮಾತ್ರ, "ಬ್ಯಾಡ್ರಿ, ಮದುಮಗಳು ಹೆದರ್ತಾಳೆ" ಎಂದು ನಗುತ್ತಿದ್ದ. ಬೋರ್ಡು ಬರೆದಮೇಲೆ ಚಿಕ್ಕೀರಪ್ಪನ ಬಸ್ಸು ಹತ್ತಿ ಅದರ ಮುಂದೆ ಹಾದುಹೋಗುತ್ತಿದ್ದ. ಓಡುವ ಬಸ್ಸಿನಿಂದ ಓದಲಾಗದಿದ್ದರೆ ಮತ್ತೆ ಬರೆಯುತ್ತಿದ್ದ.

ನನ್ನೇಸಾಬ ಸಾಯುವ ಕೆಲವೇ ವಾರ ಮೊದಲು, ಎರಡು ಸಾವಿರದ ಆರರಲ್ಲಿ, ಮುರುಗೇಂದ್ರಪ್ಪ ತಳಕಿನ ಹತ್ತಿರ ಮೋರಿ ಕಟ್ಟಲು ಅರ್ಧ ರಸ್ತೆ ಅಗೆದು ಬಿಟ್ಟ. ಬೋರ್ಡಿಗೆಂದು ನನ್ನೇಸಾಬನನ್ನು ಕರೆಸಿದ.

"ಸಾಬ್ರೆ, ನನ್ನ ಹೆಸರು ಬೂಟಿನ ಅಕ್ಷರದಾಗೆ ಇರ್ಲಿ. ಗುಂಡಿ ವಿಷಯ ಕೆಳಗೆ ಸಣ್ಣಗೆ ಬರೀರಿ."

"ಬೂಟು ಬೇಕಾಗಿರೋದು ಗುಂಡಿಗೆ ಕಣ್ರಿ. ನಿಮ್ಮ ಹೆಸರು ಓದಿಕೊಂಡು ಬೀಳೋಕೆ ಯಾರಿಗೈತೆ ಪುರುಸೊತ್ತು?"

ಮುರುಗೇಂದ್ರಪ್ಪ ಬೋರ್ಡಿನ ಬದಲು ಗುಂಡಿಯ ಹತ್ತಿರ ತನ್ನ ಹೆಸರಿನ ಫ್ಲೆಕ್ಸ್ ಹಾಕಿಸಿದ. ನನ್ನೇಸಾಬ ತನ್ನದೇ ಬಣ್ಣ ಹೊತ್ತು ಹೋಗಿ, ಗುಂಡಿಯ ಪಕ್ಕದ ಖಾಲಿ ಡಾಂಬರು ಡ್ರಮ್ಮಿನ ಮೇಲೆ ಕೆಂಪು ಎನಾಮಲ್‌ನಲ್ಲಿ ಬರೆದ: ಗುಂಡಿ. ಚಿಕ್ಕೀರಪ್ಪನಿಗೆ ಅದು ಇನ್ನೂರು ಗಜದಿಂದಲೇ ಕಂಡಿತು.

ವಾರದಲ್ಲಿ ಮುರುಗೇಂದ್ರಪ್ಪ ಅದಕ್ಕೆ ಸುಣ್ಣ ಬಳಿಸಿದ. ತನ್ನ ಹೆಸರಿನ ಮುಂದೆ ಗುಂಡಿ ಅಂತ ಇದ್ದರೆ ಅವಮಾನವಂತೆ! ಮರುದಿನವೇ ತಳಕಿನ ಹುಚ್ಚಕ್ಕ ಮಗನ ಬೈಕಿನ ಹಿಂದೆ ಕೂತು ಬರುವಾಗ ಗುಂಡಿಗೆ ಬಿದ್ದು ಕೈ ಮುರಿದುಕೊಂಡಳು.

ಸುದ್ದಿ ಕೇಳಿ ಚಿಕ್ಕೀರಪ್ಪ ಕೂಗಾಡಿದ. ನನ್ನೇಸಾಬ ಕುಂಚ ತೊಳೆಯುತ್ತಾ, "ಸುಮ್ನಿರಲೇ. ಎನಾಮಲ್ ಮೇಲೆ ಸುಣ್ಣ ನಿಲ್ಲಲ್ಲ. ಒಂದು ಮಳೆ ಬರ್ಲಿ" ಅಂದ. ಮಳೆಗೆ ಮೊದಲೇ ಅವನ ಎದೆಬಡಿತ ನಿಂತುಹೋಯಿತು.

ಶ್ರದ್ಧಾಂಜಲಿಯ ಫ್ಲೆಕ್ಸ್ ಎದ್ದ ಮಾರನೆಯ ದಿನ ಮಳೆ ಸುರಿಯಿತು. ಬೆಳಗಿನ ಟ್ರಿಪ್ಪಿನಲ್ಲಿ ಚಿಕ್ಕೀರಪ್ಪ ದೂರದಿಂದಲೇ ನೋಡಿದ: ಸುಣ್ಣ ತೊಳೆದುಹೋಗಿ, ಕೆಂಪು ಅಕ್ಷರಗಳು ಪಾದ ಊರಿ ನಿಂತಿದ್ದವು. ಪಕ್ಕದಲ್ಲಿ ಮುರುಗೇಂದ್ರಪ್ಪನ ಆಳು ಮತ್ತೆ ಸುಣ್ಣದ ಬಕೆಟ್ ಹಿಡಿದು ಬಂದಿದ್ದ.

ಚಿಕ್ಕೀರಪ್ಪ ಬಸ್ಸು ನಿಲ್ಲಿಸಿ ಇಳಿದು, ಡ್ರಮ್ಮಿಗೆ ಬೆನ್ನುಕೊಟ್ಟು ನಿಂತ.

"ಅಣ್ಣಾ, ಧಣಿ ಬೈತಾರೆ" ಅಂದ ಆಳು.

"ಧಣೀನೇ ಬರ್ಲಿ. ಮೊದಲು ನನ್ನ ಮುಖಕ್ಕೆ ಬಳೀಲಿ."

ಬಸ್ಸಿನ ಕಿಟಕಿಯಿಂದ ಹುಚ್ಚಕ್ಕ ಕಟ್ಟುಹಾಕಿದ ಕೈ ಹೊರಗೆ ಚಾಚಿದಳು. "ಉಳಿದಿದ್ದು ಈ ಕೈಗೂ ಬಳಿಯೋಕೆ ಹೇಳಪ್ಪ!"

ಆಳು ಬಕೆಟ್ ಎತ್ತಿಕೊಂಡು ಹೋದ. ಮೋರಿ ಮುಗಿಯುವ ತನಕ ಡ್ರಮ್ಮಿಗೆ ಮತ್ತೆ ಯಾರೂ ಸುಣ್ಣ ಬಳಿಯಲಿಲ್ಲ.