ವಿಭೂತಿ ಬಿದ್ದ ಅರ್ಜಿ

ಹೋದ ವಾರ ದೇವರ ಗೂಡು ಒರೆಸುತ್ತಿದ್ದೆ. ಮಾದಪ್ಪನ ಫೋಟೋ ಎತ್ತಿದರೆ ಹಿಂದಿನಿಂದ ನಾಲ್ಕು ಮಡಿಕೆಯ ಒಂದು ಹಾಳೆ ಕಾಲ ಮೇಲೆ ಬಿತ್ತು. ಬಿಡಿಸಿದೆ. ವಿಭೂತಿ ಮೂಗಿಗೆ ಹೋಗಿ ಮೂರು ಸಲ ಸೀನಿದೆ. ಸೀನು ನಿಲ್ಲುವ ಹೊತ್ತಿಗೆ ಆ ಹಾಳೆ ಯಾವುದೆಂದು ನೆನಪಾಗಿ ನಾಚಿಕೆಯಾಯಿತು. ನನಗೆ ನಾಚಿಕೆ ಸುಲಭಕ್ಕೆ ಬರುವುದಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ನಮ್ಮೂರ ಸರ್ಕಾರಿ ಸ್ಕೂಲಿಗೆ ಇನ್ನೊಬ್ಬ ಮೇಷ್ಟ್ರು ಬೇಕು ಅಂತ ಬರೆಸಿದ ಅರ್ಜಿ ಅದು. ಆರು ವರ್ಷದ ಹಿಂದಿನದು. ನಾನು ಹೇಳಿದ್ದು, ಬರೆದದ್ದು ನನ್ನ ಮೊಮ್ಮಗಳು ಮಾದೇವಿ. ಆಗ ಅವಳು ಮೂರನೇ ಕ್ಲಾಸು. ನಾನೇ ಬರೆಯಲು ಕೂತಿದ್ದರೆ ಇನ್ನೂ ಬರೆಯುತ್ತಲೇ ಇರುತ್ತಿದ್ದೆ. ಬಸ್ಸಿನ ಬೋರ್ಡನ್ನು ಅಕ್ಷರ ಕೂಡಿಸಿ ಓದಿ ಮುಗಿಸುವಷ್ಟರಲ್ಲಿ ಬಸ್ಸು ಬೇಗೂರು ದಾಟಿರುತ್ತದೆ.

ನಾನು ಸ್ಕೂಲು ಬಿಟ್ಟದ್ದು ಎರಡನೇ ಕ್ಲಾಸಿಗೆ. ಯಾರೂ ಬಿಡಿಸಲಿಲ್ಲ, ತಾನಾಗಿ ಬಿಟ್ಟುಹೋಯಿತು. ಆಗ ಸ್ಕೂಲು ನಡೆಯುತ್ತಿದ್ದದ್ದು ದೇವಸ್ಥಾನದ ಮುಂದಿನ ಪಡಸಾಲೆಯಲ್ಲಿ. ಯಾವುದೋ ಮಠದ ಅಯ್ಯನೋರು ಬಂದು ಅಲ್ಲೇ ಇಳಿದುಕೊಂಡರು. ಒಂದು ವಾರ ರಜ. ಆ ವಾರ ನಾನು ಸಗಣಿ ಬಾಚಿದೆ, ಎಮ್ಮೆಗೆ ನೀರು ತೋರಿಸಿದೆ. ಇವಳು ಮನೆಯಲ್ಲಿದ್ದರೆ ಎಷ್ಟು ಅನುಕೂಲ ಅಂತ ಅಪ್ಪನಿಗೆ ಗೊತ್ತಾಗಿಹೋಯಿತು. ಅಯ್ಯನೋರು ಹೊರಟರು, ಸ್ಕೂಲು ಮತ್ತೆ ಶುರುವಾಯಿತು, ನಾನು ಎಮ್ಮೆಯ ಹಿಂದೆಯೇ ಉಳಿದೆ. ಎಮ್ಮೆ ಒಳ್ಳೆಯದೇ ಇತ್ತು, ದೂರುವುದಿಲ್ಲ.

ಮಠದವರನ್ನೂ ಸುಮ್ಮನೆ ಬೈಯುವವಳಲ್ಲ ನಾನು. ನನ್ನ ತಮ್ಮ ಮಠದ ಹಾಸ್ಟೆಲಿನಲ್ಲಿ ಉಂಡು ಓದಿ ಬಸ್ ಕಂಡಕ್ಟರ್ ಆದ. ಆ ಮುದ್ದೆಯ ಋಣ ನಮ್ಮ ಮನೆಯ ಮೇಲಿದೆ. ಅನ್ನ ಹಾಕಿದವರ ಕಾಲಿಗೆ ಬೀಳುತ್ತೇನೆ. ವೋಟು ಕೇಳಲು ಬಂದವರನ್ನು ಮಾತ್ರ ನಿಲ್ಲಿಸಿ ಮಾತಾಡಿಸಬೇಕು. ಇಬ್ಬರೂ ಒಬ್ಬರೇ ಆಗಿ ಕಾರಿಂದ ಇಳಿದರೆ ಏನು ಮಾಡಬೇಕು, ನೀವೇ ಹೇಳಿ. ಆರು ವರ್ಷದ ಹಿಂದೆ ನನಗೆ ತಿಳಿಯಲಿಲ್ಲ.

ಆವತ್ತು ಎಲೆಕ್ಷನ್ನಿಗೆ ನಿಂತವನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಮಠದ ಸ್ವಾಮಿಗಳು ನಮ್ಮೂರ ಅರಳಿಕಟ್ಟೆಗೆ ಬಂದರು. "ಇವರಿಗೆ ಕೊಟ್ಟ ವೋಟು ನಮಗೇ ಕೊಟ್ಟ ಹಾಗೆ" ಅಂದರು. ಅವರ ಮುಂದೆ ಜನ ಸಾಲಾಗಿ ನಿಂತಿದ್ದರು. ಒಬ್ಬ ಮದುವೆ ಕರೆಯೋಲೆ ಹಿಡಿದಿದ್ದ, ಇನ್ನೊಬ್ಬ ಜಮೀನಿನ ಪತ್ರ, ಮತ್ತೊಬ್ಬಳು ಮಗನ ಮಾರ್ಕ್ಸ್ ಕಾರ್ಡು. ನಮ್ಮಲ್ಲಿ ಹಾಗೆಯೇ, ಏನೇ ಕಾಗದ ಇದ್ದರೂ ಬುದ್ಧಿಯವರ ಕೈ ತಾಗಿಸಿ ತರುವುದು. ನಾನೂ ಅರ್ಜಿ ಹಿಡಿದು ನಿಂತೆ. ಸರದಿ ಬಂತು. ಅಡ್ಡಬಿದ್ದು ಚಾಚಿದೆ. ಅವರು ಮೂರು ಬೆರಳು ವಿಭೂತಿಯಲ್ಲಿ ಅದ್ದಿ ಅರ್ಜಿಗೆ ಬಳಿದು, ಮೇಲೊಂದು ಬಾಳೆಹಣ್ಣಿಟ್ಟು, ನನ್ನ ಕೈಗೇ ವಾಪಸು ಕೊಟ್ಟರು.

ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಊರಿಗೆಲ್ಲ ಬಾಯಿಜೋರಿನವಳು ಅನ್ನಿಸಿಕೊಂಡ ನಾನು ಬಾಳೆಹಣ್ಣು ಹಿಡಿದು ಈಚೆ ಬಂದೆ.

ನನ್ನ ಮೈದುನ ಪುಟ್ಟಬಸಪ್ಪ ಕಟ್ಟೆ ಮೇಲೆ ಕೂತಿದ್ದ. "ಆಯ್ತಲ್ಲ ಬುಡು ಅತ್ಗೆ, ಬುದ್ದಿಯೋರು ಕೈಯಿಟ್ಬುಟ್ರು. ಇನ್ನು ಮೇಷ್ಟ್ರು ಬಂದಂಗೇ ಕಣ" ಅಂದ.

ನಾನೂ ನಂಬಿದೆ. ಅರ್ಜಿಯನ್ನು ಮಾದಪ್ಪನ ಫೋಟೋ ಹಿಂದೆ ಇಟ್ಟು ದಿನಾ ಊದುಬತ್ತಿ ಬೆಳಗಿದೆ. ಒಂದು ತಿಂಗಳಾದ ಮೇಲೆ ಸ್ಕೂಲಿನ ಮೇಷ್ಟ್ರು ದಾರಿಯಲ್ಲಿ ಸಿಕ್ಕಿ, "ಅರ್ಜಿ ಏನಾಯ್ತಜ್ಜಿ?" ಅಂದರು.

"ದೇವ್ರ ಗೂಡಲ್ಲದೆ ಮೇಷ್ಟ್ರೇ."

ಆ ಮನುಷ್ಯ ನಕ್ಕರು. ಆಮೇಲೆ ನಗು ನಿಲ್ಲಿಸಿ ಚಪ್ಪಲಿ ನೋಡಿಕೊಂಡರು. ಐದು ಕ್ಲಾಸನ್ನೂ ಒಂದೇ ಕೋಣೆಯಲ್ಲಿ ಕೂರಿಸಿಕೊಂಡು, ಜನಗಣತಿ ವೋಟರ್ ಲಿಸ್ಟು ಅಂತ ಊರೂರು ಸುತ್ತುತ್ತಿದ್ದ ಒಬ್ಬರೇ ಮೇಷ್ಟ್ರು ಅವರು. ಅವರು ಹೊರಟ ದಿನ ಸ್ಕೂಲಿಗೆ ಬೀಗ.

ಇನ್ನೊಬ್ಬ ಮೇಷ್ಟ್ರು ಬರಲಿಲ್ಲ. ಸ್ವಾಮಿಗಳ ಕಡೆಯವನು ಗೆದ್ದ. ಎರಡು ವರ್ಷಕ್ಕೆ ತೆರಕಣಾಂಬಿ ರಸ್ತೆಯಲ್ಲಿ ಮಠದ ಇಂಗ್ಲಿಷ್ ಸ್ಕೂಲು ಎದ್ದು, ನಮ್ಮೂರಿಗೆ ಹಳದಿ ಬಸ್ಸು ಬಂತು. ಫೀಸು ಕಟ್ಟಲು ಆದವರ ಮಕ್ಕಳು ಬಸ್ಸು ಹತ್ತಿದರು. ಉಳಿದವರು ಒಂಬತ್ತು ಮಂದಿ. ಇನ್ನೆರಡು ಕಮ್ಮಿಯಾದರೆ ಸರ್ಕಾರಿ ಸ್ಕೂಲು ಮುಚ್ಚುತ್ತಾರಂತೆ. ಆ ಒಂಬತ್ತರಲ್ಲಿ ಮಾದೇವಿಯ ತಂಗಿ ಪುಟ್ಟಿ ಒಬ್ಬಳು, ಒಂದನೇ ಕ್ಲಾಸು. ಮಾದೇವಿ ಈಗ ಒಂಬತ್ತನೇ ಕ್ಲಾಸಿನಲ್ಲಿ ಕೂತು ಭಾಗಾಕಾರವನ್ನು ಬೆರಳಲ್ಲಿ ಎಣಿಸುತ್ತಾಳೆ. ಹೇಳಿಕೊಡಬೇಕಾದ ವರ್ಷ ಹೇಳಿಕೊಡುವವರು ಇರಲಿಲ್ಲ. ಅದು ಅವಳ ದಡ್ಡತನ ಅಲ್ಲ, ನನ್ನ ಊದುಬತ್ತಿ.

ಹೋದ ವಾರ ಸಿಕ್ಕ ಆ ಹಾಳೆಯನ್ನು ಅವಳಿಗೆ ತೋರಿಸಿದೆ. ಮಾದೇವಿ ಓದಿ, "ಅಜ್ಜೀ, ಎಷ್ಟು ಕೆಟ್ಟಕ್ಸರ ನಂದು!" ಅಂದಳು.

"ಅಕ್ಸರ ಇರ್ಲಿ ಕಣಮ್ಮಿ. ಎರಡು ಪ್ರತಿ ಬರಿ. ಹೊಸದಾಗಿ."

ಮೊನ್ನೆ ಶುಕ್ರವಾರ ಸ್ವಾಮಿಗಳು ಮತ್ತೆ ಬಂದರು, ಮತ್ತೆ ಎಲೆಕ್ಷನ್ನು. ಅದೇ ಕಟ್ಟೆ, ಅದೇ ಸಾಲು. ನನ್ನ ಸರದಿ ಬಂದಾಗ ಅಡ್ಡಬೀಳಲಿಲ್ಲ. ಸೊಂಟ ಬಗ್ಗುವುದಿಲ್ಲ ಅನ್ನುವುದು ಅರ್ಧ ಕಾರಣ. ಅರ್ಜಿ ಕಂಡ ಕೂಡಲೇ ಅವರ ಮೂರು ಬೆರಳು ತಟ್ಟೆಗೆ ಹೋದವು. ನಾನು ಹಾಳೆ ಹಿಂದಕ್ಕೆಳೆದೆ.

"ಬ್ಯಾಡಿ ಬುದ್ದೀ. ಓದ್ಸಲ ಬಳದಿದ್ದೇ ಇನ್ನೂ ಉದುರ್ತಾ ಅದೆ. ಇದ ಓದಿ."

ಬೆರಳು ಗಾಳಿಯಲ್ಲೇ ನಿಂತವು. ಹಿಂದಿನಿಂದ ಪುಟ್ಟಬಸಪ್ಪ, "ಅತ್ಗೇ, ಏನ್ ಮಾತು ಅಂತ ಆಡೀಯೆ! ಈಚೆ ಬಾ" ಅಂದ.

"ನೀ ಸುಮ್ಕಿರು, ನಿನ್ ಬಾಯಿಗೆ ಬಾಳೆಹಣ್ಣು ಸಿಗ್ತದೆ" ಅಂದೆ.

ಸ್ವಾಮಿಗಳು ಮೆತ್ತಗೆ, "ಕನ್ನಡಕ ಕಾರಿನಲ್ಲಿದೆ ತಾಯಿ" ಅಂದರು.

"ಆಗ್ಲಿ ಬುದ್ದಿ, ನಮ್ ಕೂಸು ಓದ್ತದೆ. ನೀವು ಕೇಳಿ."

ಮಾದೇವಿ ಓದಿದಳು. ಒಂಬತ್ತು ಮಕ್ಕಳ ಹೆಸರು ಬರುವಾಗ ದನಿ ಗಟ್ಟಿಯಾಯಿತು. ತಂತಮ್ಮ ಮಗುವಿನ ಹೆಸರು ಕೇಳಿ ಕಾಗದ ಹಿಡಿದು ನಿಂತಿದ್ದವರೂ ತಲೆಯೆತ್ತಿದರು. ಕೊನೆಗೆ ಸ್ವಾಮಿಗಳು "ನೋಡೋಣ" ಅಂದರು. ಆ ಮಾತು ಎಷ್ಟು ತೂಗುತ್ತದೆ ಅಂತ ನನಗೆ ಗೊತ್ತು. ಅದನ್ನು ನೆಚ್ಚಿ ನಾನು ಹೋಗಿರಲಿಲ್ಲ. ಊರು ಕೇಳಿಸಿಕೊಳ್ಳಲಿ ಅಂತ ಹೋಗಿದ್ದೆ, ಕೇಳಿಸಿಕೊಂಡಿತು.

ಅರ್ಜಿ ಈಗ ದೇವರ ಗೂಡಿನಲ್ಲಿಲ್ಲ. ಬಾಗಿಲ ಮೊಳೆಗೆ, ಸಂತೆ ಚೀಲದೊಳಗೆ ತೂಗುತ್ತಿದೆ. ಸೋಮವಾರ ಗುಂಡ್ಲುಪೇಟೆಯ ಶಿಕ್ಷಣ ಆಫೀಸಿಗೆ ಒಂದು ಪ್ರತಿ ಕೊಟ್ಟು, ಇನ್ನೊಂದಕ್ಕೆ ಸೀಲು ಹಾಕಿಸಿಕೊಂಡು ಬರುತ್ತೇನೆ. ಆಗಲಿಲ್ಲವೋ, ಮುಂದಿನ ಸೋಮವಾರವೂ ಬಸ್ಸಿದೆ.

ಈಗ ತಾನೆ ಪುಟ್ಟಬಸಪ್ಪ ಬಂದಿದ್ದ. ದೇವರಿಗೆ ಕೈಮುಗಿದು, ಹಣೆಗೆ ವಿಭೂತಿ ಬಳಿದುಕೊಂಡು ಬಾಗಿಲಲ್ಲೇ ನಿಂತ. ಅವನ ಮೊಮ್ಮಗಳೂ ಆ ಒಂಬತ್ತರಲ್ಲಿ ಒಬ್ಬಳು.

"ಸೋಮ್ವಾರ ನಾನೂ ಬತ್ತೀನತ್ಗೆ. ಎಲ್ಲಿ, ಅರ್ಜಿ ಒಸಿ ಕೊಡು, ನೋಡ್ತೀನಿ."

"ಕೊಡ್ತೀನಿ," ಅಂದೆ. "ಮೊದ್ಲು ಕೈ ತೊಳ್ಕಂಡ್ ಬಾ."